ಅಡುಗೆಮನೆಯಲ್ಲಿ ದೇವರ ಸನ್ನಿಧಿ



ಜುಲೈ 16 ಕಾರ್ಮೆಲ್ ಮಾತೆಯ ಹಬ್ಬ. ಅಂದು ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಬಲಿಪೂಜೆಯ ನಂತರ ಭಕ್ತರು ಸಾಲಾಗಿ ಬಂದು ಕಂದು ಬಣ್ಣದ ಉತ್ತರೀಯವನ್ನು ಧರಿಸಿಕೊಳ್ಳುತ್ತಾರೆ. ಎರಡು ಚಿಕ್ಕ ಬಟ್ಟೆಯ ತುಂಡು, ಎರಡು ದಾರ, ಅಷ್ಟೇ. ಇದರ ಮೂಲವೇನೆಂದು ಕೇಳಿದರೆ ನಮ್ಮಲ್ಲಿ ಹಲವರು ಯೋಚನೆಗೆ ಬೀಳಬಹುದು. ಪ್ರಾಚೀನ ಕಾಲದ ಮಠವಾಸಿಗಳು ಹೊಲದಲ್ಲಿ, ಅಡುಗೆಮನೆಯಲ್ಲಿ ದುಡಿಯುವಾಗ ಹೆಗಲ ಮೇಲಿಂದ ಹಿಂದೆ ಮುಂದೆ ಇಳಿಬಿಟ್ಟುಕೊಳ್ಳುತ್ತಿದ್ದ ಮೇಲುವಸ್ತ್ರವೇ ಇದರ ಮೂಲ. ಆರನೆಯ ಶತಮಾನದ ಸಂತ ಬೆನೆಡಿಕ್ಟರ ನಿಯಮಾವಳಿಯಲ್ಲಿ ಅದನ್ನು ಕೆಲಸಕ್ಕಾಗಿ ಕೊಡುವ ಉಡುಪು ಎಂದೇ ಹೇಳಲಾಗಿದೆ. ಅಂದರೆ ನಾವು ಭಕ್ತಿಯಿಂದ ಮುತ್ತಿಟ್ಟು ಕೊರಳಿಗೆ ಹಾಕಿಕೊಳ್ಳುವ ಉತ್ತರೀಯ ಮೊದಲಿಗೆ ದುಡಿಮೆಯ ಬಟ್ಟೆಯಾಗಿತ್ತು.

ದುಡಿಮೆಯ ಬಟ್ಟೆ ಪವಿತ್ರ ವಸ್ತುವಾಗಬಹುದಾದರೆ ದುಡಿಮೆಯೇ ದೇವರನ್ನು ಕಾಣುವ ಸ್ಥಳವಾಗಬಾರದೇಕೆ? ಭಾನುವಾರ ಪೀಠದ ಮುಂದೆ ದೇವರ ಸಾನ್ನಿಧ್ಯವನ್ನು ನಂಬುವುದು ನಮಗೆ ಕಷ್ಟವಲ್ಲ. ಗಂಟೆ ಬಾರಿಸುತ್ತದೆ, ಧೂಪದ ಪರಿಮಳವಿದೆ, ಗಾನವೃಂದ ಹಾಡುತ್ತದೆ. ಆದರೆ ಮಂಗಳವಾರ ಬೆಳಿಗ್ಗೆ ಹಾಲು ಉಕ್ಕುತ್ತಿರುವಾಗ, ಮಗು ಅಳುತ್ತಿರುವಾಗ, ಬಸ್ಸು ತಪ್ಪುವ ಹೊತ್ತಾಗಿರುವಾಗ ಅದೇ ದೇವರು ಎಲ್ಲಿರುತ್ತಾರೆ? ಈ ಪ್ರಶ್ನೆಗೆ ಧರ್ಮಸಭೆಯ ಇತಿಹಾಸದಲ್ಲಿ ದೊರೆತ ಸರಳವಾದ ಉತ್ತರಗಳಲ್ಲಿ ಒಂದು ಬಂದದ್ದು ಮಠದ ಅಡುಗೆಮನೆಯಿಂದ. ಆ ಅಡುಗೆಯವರ ಹೆಸರು ಪುನರುತ್ಥಾನದ ಸಹೋದರ ಲಾರೆನ್ಸ್. ಅವರು ಕಾರ್ಮೆಲ್ ಸಭೆಯವರೇ ಆದುದರಿಂದ ಈ ಹಬ್ಬದ ಸಂದರ್ಭದಲ್ಲಿ ಅವರ ಕಥೆಯನ್ನು ಸ್ಮರಿಸುವುದು ಉಚಿತವಾಗಿದೆ.

ಬೆಟ್ಟದಿಂದ ನಗರಕ್ಕೆ

ಹನ್ನೆರಡನೆಯ ಶತಮಾನದ ಕೊನೆಯ ಹೊತ್ತಿಗೆ ಪವಿತ್ರ ನಾಡಿನ ಕಾರ್ಮೆಲ್ ಬೆಟ್ಟದಲ್ಲಿ ಕೆಲವು ಸನ್ಯಾಸಿಗಳು ಪ್ರವಾದಿ ಎಲೀಯನನ್ನು ಮಾದರಿಯಾಗಿಟ್ಟುಕೊಂಡು ಗುಡಿಸಲು ಗವಿಗಳಲ್ಲಿ ಬಾಳುತ್ತಿದ್ದರು. ತಾನು ಜೀವಂತ ದೇವರ ಸನ್ನಿಧಿಯಲ್ಲಿ ನಿಂತಿರುವವನು ಎಂದು ಅರಸ ಅಹಾಬನ ಮುಂದೆ ಧೈರ್ಯವಾಗಿ ಸಾರಿದ ಪ್ರವಾದಿ ಎಲೀಯ. ಆ ಒಂದು ಮಾತೇ ಕಾರ್ಮೆಲ್ ಸಭೆಯ ಬೀಜವೆನ್ನಬಹುದು. ಹದಿಮೂರನೆಯ ಶತಮಾನದ ಆರಂಭದಲ್ಲಿ ಜೆರುಸಲೇಮಿನ ಪಿತೃಪ್ರಧಾನರಾಗಿದ್ದ ಸಂತ ಆಲ್ಬರ್ಟ್ ಅವರು ಈ ಸನ್ಯಾಸಿಗಳಿಗೆ ಒಂದು ನಿಯಮಾವಳಿಯನ್ನು ಬರೆದುಕೊಟ್ಟರು. ಹಗಲಿರುಳು ಪ್ರಭುವಿನ ವಾಕ್ಯವನ್ನು ಧ್ಯಾನಿಸಬೇಕೆಂಬುದು ಅದರ ತಿರುಳು. ಜೊತೆಗೆ ಸೈತಾನನು ನಿಮ್ಮನ್ನು ಸೋಮಾರಿಗಳಾಗಿ ಕಾಣದಂತೆ ಕೈಗೆ ಯಾವುದಾದರೂ ಕೆಲಸವಿರಲಿ ಎಂಬ ಸೂಚನೆಯೂ ಅದರಲ್ಲಿದೆ. ಧ್ಯಾನ, ದುಡಿಮೆ ಎರಡೂ ಮೊದಲಿನಿಂದಲೇ ಜೊತೆಯಾಗಿದ್ದವು.

1562ರಲ್ಲಿ ಸ್ಪೇನ್ ದೇಶದ ಆವಿಲಾ ನಗರದ ಸಂತ ತೆರೇಸರವರು ಈ ಸಭೆಯ ಸುಧಾರಣೆಗೆ ಕೈಹಾಕಿದರು. ವಿಧೇಯತೆಯ ನಿಮಿತ್ತ ಅಡುಗೆಮನೆಗೆ ಹೋಗಬೇಕಾಗಿ ಬಂದರೆ ಬೇಸರಪಡಬೇಡಿ, ಪಾತ್ರೆಪಡಗಗಳ ನಡುವೆಯೂ ಪ್ರಭು ನಡೆದಾಡುತ್ತಾರೆ ಎಂಬರ್ಥದ ಮಾತನ್ನು ತಮ್ಮ ಸಹೋದರಿಯರಿಗೆ ಹೇಳಿದವರು ಅವರೇ. ಅವರ ಸುಧಾರಿತ ಶಾಖೆಯ ಗುರುಗಳು 1611ರಲ್ಲಿ ಪ್ಯಾರಿಸ್ ನಗರಕ್ಕೆ ಬಂದು ವೋಜಿರಾರ್ ರಸ್ತೆಯಲ್ಲಿ ಮಠವನ್ನು ಸ್ಥಾಪಿಸಿದರು. ನಮ್ಮ ಕಥೆ ನಡೆಯುವುದು ಆ ಮಠದಲ್ಲಿ.

ಕುಂಟುವ ಸೈನಿಕ

ನಿಕೊಲಾ ಎರ್ಮನ್ ಹುಟ್ಟಿದ್ದು ಸುಮಾರು 1614ರಲ್ಲಿ, ಲೊರೇನ್ ಪ್ರಾಂತ್ಯದ ಎರಿಮೆನಿಲ್ ಎಂಬ ಹಳ್ಳಿಯಲ್ಲಿ. ಹೆಚ್ಚಿನ ವಿದ್ಯೆಯಿಲ್ಲದ ಸಾಮಾನ್ಯ ಕುಟುಂಬದ ಹುಡುಗ. ಹದಿನೆಂಟನೆಯ ವಯಸ್ಸಿನಲ್ಲಿ, ಒಂದು ಚಳಿಗಾಲದ ದಿನ, ಎಲೆಯೆಲ್ಲ ಉದುರಿ ಬೋಳಾಗಿ ನಿಂತ ಮರವೊಂದು ಅವನ ಕಣ್ಣಿಗೆ ಬಿತ್ತು. ಇನ್ನು ಕೆಲವೇ ತಿಂಗಳಲ್ಲಿ ಇದೇ ಮರ ಚಿಗುರುತ್ತದೆ, ಹೂ ಬಿಡುತ್ತದೆ, ಹಣ್ಣು ಕೊಡುತ್ತದೆ ಎಂದು ಯೋಚಿಸಿದಾಗ ದೇವರ ಪಾಲನೆ ಹಾಗೂ ಶಕ್ತಿಯ ಬಗ್ಗೆ ಅವನಲ್ಲಿ ಮೂಡಿದ ಅರಿವು ಕೊನೆಯವರೆಗೂ ಮಾಸಲಿಲ್ಲ. ದರ್ಶನವಾಗಲಿಲ್ಲ, ಅಶರೀರವಾಣಿಯೂ ಕೇಳಿಸಲಿಲ್ಲ. ನಮ್ಮೂರಿನ ಯಾವ ರೈತನಾದರೂ ವರ್ಷವರ್ಷವೂ ನೋಡುವ ನೋಟವೇ ಅದು.

ಆದರೆ ಆ ಅರಿವು ಬಂದ ಮಾತ್ರಕ್ಕೆ ಬದುಕು ಹಸನಾಗಲಿಲ್ಲ. 1618ರಿಂದ 1648ರವರೆಗೆ ಯೂರೋಪನ್ನು ಸುಟ್ಟ ಮೂವತ್ತು ವರ್ಷಗಳ ಯುದ್ಧ ಲೊರೇನನ್ನೂ ಬಿಡಲಿಲ್ಲ. ಲೂಟಿ, ಬೆಂಕಿ, ಮರಕ್ಕೆ ನೇತುಹಾಕಿದ ಹೆಣಗಳು. ಅದೇ ಪ್ರಾಂತ್ಯದ ಕಲಾವಿದ ಜಾಕ್ ಕಾಲೊ 1633ರಲ್ಲಿ ಪ್ರಕಟಿಸಿದ ಯುದ್ಧದ ಸಂಕಟಗಳ ಚಿತ್ರಗಳಲ್ಲಿ ಈ ಘೋರವನ್ನು ಇಂದಿಗೂ ಕಾಣಬಹುದು. ನಿಕೊಲಾ ಸೈನ್ಯ ಸೇರಿದ. ಜರ್ಮನ್ ಪಡೆಗಳು ಅವನನ್ನು ಗೂಢಚಾರನೆಂದು ಹಿಡಿದು ಗಲ್ಲಿಗೇರಿಸುವುದಾಗಿ ಬೆದರಿಸಿದವು. ಹೇಗೋ ಬಿಡುಗಡೆಯಾಯಿತು. 1635ರಲ್ಲಿ ರಾಂಬೆರ್ವಿಲ್ಲೇ ಎಂಬಲ್ಲಿ ಗಾಯಗೊಂಡು ತಂದೆತಾಯಿಗಳ ಮನೆಗೆ ಮರಳಿದ. ಕಾಲಿನ ಊನ ಜೀವನಪರ್ಯಂತ ಉಳಿಯಿತು. ಮುಂದೆ ಒಬ್ಬ ಸನ್ಯಾಸಿಯ ಜೊತೆ ಏಕಾಂತವಾಸ ಮಾಡಲು ಯತ್ನಿಸಿದ, ಅದು ಒಗ್ಗಲಿಲ್ಲ. ರಾಜಖಜಾನೆಯ ಅಧಿಕಾರಿಯೊಬ್ಬರ ಮನೆಯಲ್ಲಿ ಆಳಾದ. ಅಲ್ಲಿಯೂ ಕೈಗೆ ಸಿಕ್ಕಿದ್ದನ್ನೆಲ್ಲ ಒಡೆದುಹಾಕುವ ಒಡ್ಡನೆಂದು ತನ್ನನ್ನು ತಾನೇ ಮುಂದೆ ಬಣ್ಣಿಸಿಕೊಂಡ.

1640ರಲ್ಲಿ, ಸುಮಾರು 26ನೆಯ ವಯಸ್ಸಿನಲ್ಲಿ, ಅವರು ಪ್ಯಾರಿಸ್ಸಿನ ಕಾರ್ಮೆಲ್ ಮಠದ ಬಾಗಿಲು ತಟ್ಟಿದರು. 1642ರ ಆಗಸ್ಟ್ 14ರಂದು ವ್ರತವಚನ ಸ್ವೀಕರಿಸಿದರು. ತಮ್ಮ ಒಡ್ಡತನಕ್ಕೆ ಮಠದಲ್ಲಿ ಚರ್ಮ ಸುಲಿಯುತ್ತಾರೆ, ಹೀಗೆ ದೇವರಿಗೆ ತಮ್ಮ ಸುಖವನ್ನೆಲ್ಲ ಬಲಿಕೊಡಬಹುದು ಎಂದುಕೊಂಡು ಬಂದವರಿಗೆ ದೇವರು ನಿರಾಶೆ ಮಾಡಿದರಂತೆ. ಸಿಕ್ಕಿದ್ದು ತೃಪ್ತಿಯೊಂದೇ ಎಂದು ಅವರು ನಗುತ್ತಾ ಹೇಳುತ್ತಿದ್ದರು.

ಹಂಡೆ ಬಾಣಲೆಗಳ ನಡುವೆ

ಆ ಕಾಲದ ಮಠಗಳಲ್ಲಿ ಎರಡು ವರ್ಗಗಳಿದ್ದವು. ಲ್ಯಾಟಿನ್ ಕಲಿತು ಗುರುದೀಕ್ಷೆ ಪಡೆದು ಪೂಜಾಸ್ಥಳದಲ್ಲಿ ಕೀರ್ತನೆಗಳನ್ನು ಹಾಡುವವರು ಒಂದು ಕಡೆ. ಅಡುಗೆ, ತೋಟ, ಹೊಲಿಗೆ, ಬಾಗಿಲು ಕಾಯುವ ಕೆಲಸ ಮಾಡುವ ಸಹೋದರರು ಇನ್ನೊಂದು ಕಡೆ. ಲಾರೆನ್ಸ್ ಎರಡನೆಯ ವರ್ಗದವರು. ಅವರಿಗೆ ಸಿಕ್ಕಿದ್ದು ಅಡುಗೆಮನೆ. ಸ್ವಭಾವತಃ ಅಡುಗೆ ಕೆಲಸವೆಂದರೆ ಅವರಿಗೆ ಆಗುತ್ತಿರಲಿಲ್ಲ. ಆದರೂ ಸುಮಾರು 15 ವರ್ಷ ಅದೇ ಒಲೆಯ ಮುಂದೆ ನಿಂತರು. ಕಾಲಿನ ನೋವು ಹೆಚ್ಚಾದ ಮೇಲೆ ಕುಳಿತು ಮಾಡುವ ಚಪ್ಪಲಿ ಹೊಲಿಯುವ ಕೆಲಸ ಕೊಟ್ಟರು. ನಡುವೆ ಮಠಕ್ಕೆ ಬೇಕಾದ ದ್ರಾಕ್ಷಾರಸ ಖರೀದಿಗೆ ಓವೆರ್ನ್ ಮತ್ತು ಬರ್ಗಂಡಿ ಪ್ರಾಂತ್ಯಗಳಿಗೆ ಕಳುಹಿಸಿದರು. ವ್ಯಾಪಾರ ತಿಳಿಯದು, ದೋಣಿಯಲ್ಲಿ ನಡೆಯಲು ಕಾಲು ಬಾರದು. ಪೀಪಾಯಿಗಳ ಮೇಲೆ ಉರುಳಿಕೊಂಡೇ ಅತ್ತಿತ್ತ ಹೋಗುತ್ತಿದ್ದರು. ಇದು ನಿಮ್ಮ ಕೆಲಸ ಸ್ವಾಮಿ, ನೀವೇ ನೋಡಿಕೊಳ್ಳಿ ಎಂದು ದೇವರಿಗೆ ಹೇಳಿಬಿಡುತ್ತಿದ್ದರು. ಕೆಲಸ ಹೇಗೋ ಸುಸೂತ್ರವಾಗಿ ಮುಗಿಯುತ್ತಿತ್ತು.

ಅವರ ಸಾಧನೆ ಏನು? ಹೇಳಲು ತುಂಬಾ ಸರಳ. ಕೆಲಸ ಆರಂಭಿಸುವಾಗ ದೇವರ ಸಹಾಯ ಕೇಳುವುದು. ಕೆಲಸದ ನಡುವೆ ಒಬ್ಬ ಗೆಳೆಯನೊಡನೆ ಮಾತನಾಡುವಂತೆ ಅವರೊಡನೆ ಒಂದೆರಡು ಮಾತು. ಮುಗಿದ ಮೇಲೆ ಚೆನ್ನಾಗಿ ಆಗಿದ್ದರೆ ಕೃತಜ್ಞತೆ, ತಪ್ಪಾಗಿದ್ದರೆ ಕ್ಷಮೆ ಕೇಳಿ ಮುಂದಕ್ಕೆ ಹೋಗುವುದು. ಮನಸ್ಸು ಬೇರೆಡೆ ಓಡಿದಾಗ ಗಾಬರಿಯಾಗದೆ, ತನ್ನನ್ನು ತಾನು ಹೊಡೆದುಕೊಳ್ಳದೆ, ಮೆಲ್ಲಗೆ ಅದನ್ನು ವಾಪಸ್ಸು ಕರೆತರುವುದು. ಬಾಣಲೆಯಲ್ಲಿ ಮೊಟ್ಟೆಯ ದೋಸೆಯನ್ನು ಮಗುಚುವುದಾದರೂ ದೇವರ ಮೇಲಿನ ಪ್ರೀತಿಗಾಗಿ. ನೆಲದಿಂದ ಒಂದು ಹುಲ್ಲುಕಡ್ಡಿ ಎತ್ತುವುದಾದರೂ ಅದೇ ಪ್ರೀತಿಗಾಗಿ. ಒಂದೇ ಸಮಯಕ್ಕೆ ಹತ್ತಾರು ಜನ ಹತ್ತಾರು ವಸ್ತು ಕೇಳುವ ಅಡುಗೆಮನೆಯ ಗದ್ದಲದಲ್ಲಿ ತಾವು ಪರಮಪ್ರಸಾದದ ಮುಂದೆ ಮೊಣಕಾಲೂರಿದಾಗ ಇರುವಷ್ಟೇ ಶಾಂತವಾಗಿ ದೇವರೊಡನೆ ಇರುವುದಾಗಿ ಅವರು ಹೇಳಿಕೊಂಡಿದ್ದಾರೆ.

ಕತ್ತಲೆಯ ವರ್ಷಗಳು

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಲಾರೆನ್ಸರಿಗೆ ಅನ್ಯಾಯವಾಗುತ್ತದೆ, ಓದುಗರಿಗೂ ಆಗುತ್ತದೆ. ಈ ಶಾಂತಿ ಸುಲಭವಾಗಿ ಬರಲಿಲ್ಲ. ಮಠ ಸೇರಿದ ಮೊದಲ ಸುಮಾರು ಹತ್ತು ವರ್ಷ ಅವರ ಒಳಗೆ ಘೋರ ಕತ್ತಲೆಯಿತ್ತು. ಹಳೆಯ ಪಾಪಗಳ ನೆನಪು, ಮುಂದಿನ ಭಯ. ಅದರಲ್ಲಿ ನಾಲ್ಕು ವರ್ಷಗಳ ಕಾಲ ತಾವು ನರಕಕ್ಕೇ ಹೋಗುವವರೆಂಬ ಭಾವನೆಯನ್ನು ಜಗತ್ತಿನ ಯಾರಿಂದಲೂ ತೆಗೆದುಹಾಕಲು ಸಾಧ್ಯವಿರಲಿಲ್ಲವಂತೆ. ಯುದ್ಧ ಕಂಡು ಬಂದ ಸೈನಿಕನ ಮನಸ್ಸು ಅದು ಎಂಬುದನ್ನು ಮರೆಯದಿರೋಣ.

ಅವರು ಈ ಕತ್ತಲೆಯಿಂದ ಹೊರಬಂದದ್ದು ಹೊಸ ಅನುಭವವೊಂದರಿಂದಲ್ಲ, ಒಂದು ನಿರ್ಧಾರದಿಂದ. ತಾನು ಮಠಕ್ಕೆ ಬಂದದ್ದು ದೇವರನ್ನು ಪ್ರೀತಿಸಲು. ತನಗೆ ಸ್ವರ್ಗ ಸಿಗಲಿ ಬಿಡಲಿ, ಉಸಿರಿರುವವರೆಗೆ ಅವರನ್ನು ಪ್ರೀತಿಸಿಯೇ ತೀರುತ್ತೇನೆ. ಇಷ್ಟಾದರೂ ತನ್ನ ಪಾಲಿಗೆ ಉಳಿಯಿತಲ್ಲ! ಹೀಗೆಂದುಕೊಂಡ ಮೇಲೆ ನಿಧಾನವಾಗಿ ಶಾಂತಿ ಬಂದಿತು. ಪ್ರಾರ್ಥನೆಯಲ್ಲಿ ಏನೂ ಅನಿಸುವುದಿಲ್ಲ, ದೇವರು ನನ್ನನ್ನು ಕೈಬಿಟ್ಟಿದ್ದಾರೆ ಎಂದು ಗುರುಗಳ ಬಳಿ ಹೇಳಿಕೊಳ್ಳುವ ವಿಶ್ವಾಸಿಗಳು ಎಲ್ಲ ಧರ್ಮಕೇಂದ್ರಗಳಲ್ಲೂ ಇದ್ದಾರೆ. ಅವರು ಇದನ್ನು ಮನಸ್ಸಿಟ್ಟು ಓದಬೇಕು. ದೇವರ ಸಾನ್ನಿಧ್ಯ ಮತ್ತು ದೇವರ ಸಾನ್ನಿಧ್ಯದ ಅನುಭವ ಇವೆರಡೂ ಒಂದೇ ಅಲ್ಲ. ಅನುಭವ ಬರುತ್ತದೆ, ಹೋಗುತ್ತದೆ. ದೇವರು ಇರುತ್ತಾರೆ.

ಅನುಮಾನದ ನೆರಳು

1666ರ ಆಗಸ್ಟ್ 3ರಂದು ಜೋಸೆಫ್ ದ ಬೋಫೋರ್ ಎಂಬ ಗುರುಗಳು ಲಾರೆನ್ಸರನ್ನು ಮೊದಲ ಬಾರಿ ಭೇಟಿಯಾದರು. ಮುಂದಿನ ಸಂಭಾಷಣೆಗಳನ್ನೂ ಅವರು ನೆನಪಿಟ್ಟು ಬರೆದಿಟ್ಟರು. ಲಾರೆನ್ಸ್ 1691ರ ಫೆಬ್ರವರಿ 12ರಂದು ದೈವಾಧೀನರಾದ ಮೇಲೆ ಅವರ ಪತ್ರಗಳೂ ಸೂಕ್ತಿಗಳೂ 1692ರಲ್ಲಿ, ಸಂಭಾಷಣೆಗಳು 1694ರಲ್ಲಿ ಬೋಫೋರ್ ಅವರ ಮೂಲಕವೇ ಪ್ರಕಟವಾದವು.

ಆದರೆ ಕಾಲ ಕೆಟ್ಟದಾಗಿತ್ತು. ಆಗ ಫ್ರಾನ್ಸಿನಲ್ಲಿ ಕ್ವಯಟಿಸಂ ಎಂಬ ವಾದದ ಬಗ್ಗೆ ದೊಡ್ಡ ವಿವಾದ ನಡೆಯುತ್ತಿತ್ತು. ಆತ್ಮವು ಏನೂ ಮಾಡದೆ ಸುಮ್ಮನೆ ದೇವರಲ್ಲಿ ವಿಶ್ರಮಿಸಿದರೆ ಸಾಕು, ಪ್ರಯತ್ನವೂ ಹೋರಾಟವೂ ಬೇಕಿಲ್ಲ ಎಂಬ ದಿಕ್ಕಿಗೆ ಹೋದ ವಾದವಿದು. 1687ರಲ್ಲಿ ಜಗದ್ಗುರು ಹನ್ನೊಂದನೆಯ ಇನ್ನೊಸೆಂಟ್ ಅವರು ಮೊಲಿನೋಸ್ ಎಂಬ ಗುರುವಿನ ಬೋಧನೆಗಳನ್ನು ಖಂಡಿಸಿದ್ದರು. ಲಾರೆನ್ಸರನ್ನು ಕಂಡು ಮಾತನಾಡಿಸಿದ್ದ ಮಹಾಧರ್ಮಾಧ್ಯಕ್ಷ ಫೆನೆಲೊನ್ ತಮ್ಮ ವಾದದ ಸಮರ್ಥನೆಗೆ ಈ ಸಹೋದರರ ಮಾತುಗಳನ್ನೂ ಬಳಸಿಕೊಂಡರು. 1699ರಲ್ಲಿ ಹನ್ನೆರಡನೆಯ ಇನ್ನೊಸೆಂಟ್ ಅವರು ಫೆನೆಲೊನ್ ಪುಸ್ತಕದ 23 ವಾಕ್ಯಗಳನ್ನು ಖಂಡಿಸಿದರು. ಫೆನೆಲೊನ್ ವಿನಯದಿಂದ ತಲೆಬಾಗಿದರು. ಲಾರೆನ್ಸರ ಪುಸ್ತಕವನ್ನು ರೋಮ್ ಖಂಡಿಸಲಿಲ್ಲ. ಆದರೂ ಅನುಮಾನದ ನೆರಳು ಬಿದ್ದು ಅದು ಫ್ರಾನ್ಸಿನ ಕಥೋಲಿಕರ ನಡುವೆ ಬಹುಕಾಲ ಮರೆಯಾಯಿತು. ಅದನ್ನು ಕಾಪಾಡಿದವರು ಪ್ರಾಟೆಸ್ಟೆಂಟ್ ಸಹೋದರರು. ಪಿಯೆರ್ ಪ್ವಾರೆ 1699ರಲ್ಲಿ ಮರುಮುದ್ರಿಸಿದರು, ಇಂಗ್ಲಿಷಿಗೂ ಅನುವಾದವಾಯಿತು, ಜಾನ್ ವೆಸ್ಲಿ ತಮ್ಮ ಜನರಿಗೆ ಓದಲು ಕೊಟ್ಟರು. ಕಥೋಲಿಕ ಮಠದ ಒಲೆಯ ಬೆಳಕು ಹೀಗೆ ನೆರೆಮನೆಯಲ್ಲಿ ಉರಿದು ನಮ್ಮ ಮನೆಗೆ ಮರಳಿತು. 2025ರ ಡಿಸೆಂಬರ್‌ನಲ್ಲಿ ಲೆಬನಾನಿನಿಂದ ಹಿಂದಿರುಗುವಾಗ ವಿಮಾನದಲ್ಲಿ ಪತ್ರಕರ್ತರೊಡನೆ ಮಾತನಾಡಿದ ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು, ಸಂತ ಅಗಸ್ಟೀನರನ್ನು ಬಿಟ್ಟರೆ ತಮ್ಮನ್ನು ಅರ್ಥಮಾಡಿಕೊಳ್ಳಲು ಓದಬೇಕಾದ ಪುಸ್ತಕ ಇದೇ ಎಂದು ಹೇಳಿದರು.

ಆ ವಿವಾದವನ್ನು ಪಂಡಿತರ ಜಗಳವೆಂದು ತಳ್ಳಿಹಾಕಬಾರದು. ದೇವರು ಎಲ್ಲೆಲ್ಲೂ ಇದ್ದಾರಲ್ಲ, ಮತ್ತೆ ಚರ್ಚಿಗೆ ಯಾಕೆ ಬರಬೇಕು ಫಾದರ್ ಎಂದು ಇಂದಿನ ಯುವಕರು ಕೇಳುವುದುಂಟು. ಅದೇ ಪ್ರಶ್ನೆಯ ಇನ್ನೊಂದು ರೂಪವಿದು. ಲಾರೆನ್ಸರ ಬದುಕೇ ಇದಕ್ಕೆ ಉತ್ತರ. ಅವರು ದೇವರಲ್ಲಿ ವಿಶ್ರಮಿಸಿದರು ನಿಜ, ಆದರೆ ಕೈಕಟ್ಟಿ ಕೂರಲಿಲ್ಲ. ಮಠದವರ ಊಟ ಹೊತ್ತಿಗೆ ಸರಿಯಾಗಿ ಸಿದ್ಧವಾಗುತ್ತಿತ್ತು. ಅವರು ಬಲಿಪೂಜೆಯನ್ನು, ಪಾಪನಿವೇದನೆಯನ್ನು, ಮಠದ ನಿಯಮವನ್ನು ಬಿಡಲಿಲ್ಲ. ಎಮ್ಮಾವು ಹಾದಿಯ ಶಿಷ್ಯರು ದಾರಿಯುದ್ದಕ್ಕೂ ಪ್ರಭುವಿನ ಜೊತೆಯೇ ನಡೆದರೂ ಅವರನ್ನು ಗುರುತಿಸಿದ್ದು ರೊಟ್ಟಿ ಮುರಿದಾಗ. ಪೀಠದಲ್ಲಿ ಗುರುತಿಸಲು ಕಲಿಯದವರಿಗೆ ದಾರಿಯಲ್ಲಿ ಗುರುತಿಸುವುದು ಕಷ್ಟ. ಹಾಗೆಯೇ, ದಾರಿಯಲ್ಲಿ ಗುರುತಿಸದವರ ಪೀಠಭಕ್ತಿ ಭಾನುವಾರಕ್ಕೇ ಮುಗಿದುಹೋಗುತ್ತದೆ.

ಮಂಗಳೂರಿಗೆ ಬಂದ ಸಹೋದರಿ

ಈ ಪರಂಪರೆ ನಮ್ಮ ನಾಡಿಗೂ ಬಂದಿತ್ತು. ಗಲಿಲೇಯದ ಇಬಿಲ್ಲಿನ್ ಎಂಬ ಹಳ್ಳಿಯಲ್ಲಿ 1846ರಲ್ಲಿ ಹುಟ್ಟಿದ ಮರಿಯಂ ಬವಾರ್ದಿ ಎಳವೆಯಲ್ಲೇ ಅನಾಥಳಾಗಿ, ಅಲೆಕ್ಸಾಂಡ್ರಿಯ, ಜೆರುಸಲೇಮ್, ಬೈರೂತ್, ಮಾರ್ಸೆ ನಗರಗಳಲ್ಲಿ ಮನೆಗೆಲಸದವಳಾಗಿ ದುಡಿದ ಹುಡುಗಿ. 1867ರಲ್ಲಿ ಫ್ರಾನ್ಸಿನ ಪೋ ಎಂಬಲ್ಲಿನ ಕಾರ್ಮೆಲ್ ಮಠ ಸೇರಿದಳು. ಓದುಬರಹ ಅಷ್ಟಾಗಿ ತಿಳಿಯದ ಕಾರಣ ದುಡಿಯುವ ಸಹೋದರಿಯರ ಸಾಲಿನಲ್ಲೇ ಇರಲು ಬಯಸಿದಳು. 1870ರಲ್ಲಿ ಮಂಗಳೂರಿನಲ್ಲಿ ಕಾರ್ಮೆಲ್ ಮಠ ಸ್ಥಾಪಿಸಲು ಹೊರಟ ತಂಡದಲ್ಲಿ ಅವಳೂ ಇದ್ದಳು. ಆ ಪ್ರಯಾಣದ ಕಷ್ಟಗಳಲ್ಲಿ ಕೆಲವು ಸಹೋದರಿಯರು ಪ್ರಾಣವನ್ನೇ ತೆತ್ತರು. 1871ರ ನವೆಂಬರ್ 21ರಂದು ಮರಿಯಂ ಮಂಗಳೂರಿನಲ್ಲಿಯೇ ವ್ರತವಚನ ಸ್ವೀಕರಿಸಿದಳು.

ಅವಳಿಗೆ ಅಸಾಧಾರಣ ಆಧ್ಯಾತ್ಮಿಕ ಅನುಭವಗಳಾಗುತ್ತಿದ್ದವು. ಅವುಗಳ ಬಗ್ಗೆ ಅನುಮಾನ ಮೂಡಿ 1872ರಲ್ಲಿ ಅವಳನ್ನು ಫ್ರಾನ್ಸಿಗೆ ವಾಪಸ್ಸು ಕಳುಹಿಸಲಾಯಿತು. ಮೂರು ವರ್ಷಗಳ ಬಳಿಕ ಬೆತ್ಲೆಹೇಮಿನಲ್ಲಿ ಮಠ ಕಟ್ಟಲು ಹೋದಳು. 1878ರ ಆಗಸ್ಟಿನಲ್ಲಿ ಅಲ್ಲಿ ಕಟ್ಟಡದ ಕೆಲಸಗಾರರಿಗೆ ಕುಡಿಯಲು ನೀರು ಒಯ್ಯುವಾಗ ಮೆಟ್ಟಿಲ ಬಳಿ ಬಿದ್ದು ಕೈ ಮುರಿಯಿತು, ಗಾಯ ಕೊಳೆತು ಅದೇ ತಿಂಗಳ 26ರಂದು ಪ್ರಾಣಬಿಟ್ಟಳು. ಜಗದ್ಗುರು ಫ್ರಾನ್ಸಿಸರು 2015ರ ಮೇ 17ರಂದು ಅವಳನ್ನು ಸಂತಳೆಂದು ಘೋಷಿಸಿದರು.

ಅವಳ ಅದ್ಭುತ ಅನುಭವಗಳ ಬಗ್ಗೆ ಬಲ್ಲವರೂ ಅನುಮಾನಿಸಿದರು. ಆದರೆ ಬಾಯಾರಿದ ಕೂಲಿಗಳಿಗೆ ಒಯ್ದ ನೀರಿನ ಬಗ್ಗೆ ಯಾರೂ ಅನುಮಾನಪಡಲು ಸಾಧ್ಯವಿಲ್ಲ. ಬಾಯಾರಿದವನಿಗೆ ಕೊಟ್ಟ ನೀರನ್ನು ತಮಗೇ ಕೊಟ್ಟಂತೆ ಎಣಿಸುವುದಾಗಿ ಪ್ರಭು ಯೇಸುವೇ ಹೇಳಿಲ್ಲವೇ?

ನಮ್ಮ ಮನೆಯಲ್ಲಿ

1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಪಾವಿತ್ರ್ಯದ ಕರೆ ಗುರುಗಳಿಗೆ ಕನ್ಯಾಸ್ತ್ರೀಯರಿಗೆ ಮಾತ್ರವಲ್ಲ, ಎಲ್ಲ ಕ್ರೈಸ್ತರಿಗೂ ಸೇರಿದ್ದೆಂದು ಧರ್ಮಸಭೆಯ ಕುರಿತ ತನ್ನ ಸಂವಿಧಾನದಲ್ಲಿ ಸ್ಪಷ್ಟವಾಗಿ ಸಾರಿತು. ಲಾರೆನ್ಸ್ ಮತ್ತು ಮರಿಯಂ ಅದನ್ನು ಮೊದಲೇ ಬಾಳಿ ತೋರಿಸಿದ್ದರು.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಅಡುಗೆಮನೆಯಲ್ಲಿ ದೇವರಿದ್ದಾರೆ ಎಂದು ಮನೆಯ ಹೆಂಗಸರಿಗೆ ಉಪದೇಶ ಮಾಡಿ, ಗಂಡಸರು ಜಗಲಿಯಲ್ಲಿ ಕುಳಿತು ಊಟಕ್ಕೆ ಕಾಯುವುದು ಈ ಕಥೆಯ ಅರ್ಥವಲ್ಲ. ಲಾರೆನ್ಸ್ ಗಂಡಸು, ಅದೂ ಯುದ್ಧ ಮಾಡಿ ಬಂದವರು. ಅವರಿಗೆ ದೇವರು ಸಿಕ್ಕಿದ್ದು ಇನ್ನೊಬ್ಬರು ಮಾಡಿದ ಅಡುಗೆಯಲ್ಲಲ್ಲ, ಇನ್ನೊಬ್ಬರಿಗಾಗಿ ತಾವು ಮಾಡಿದ ಅಡುಗೆಯಲ್ಲಿ. ಅಡುಗೆಮನೆ ಅಷ್ಟು ಪವಿತ್ರವೆಂದು ನಂಬುವವರು ಮೊದಲು ಅದರೊಳಗೆ ಕಾಲಿಡಬೇಕು. ಹಾಗೆಯೇ, ಅನ್ಯಾಯದ ಕೂಲಿಗೆ ದುಡಿಯುವವನಿಗೆ ದುಡಿಮೆಯೇ ಪ್ರಾರ್ಥನೆ ಎಂದು ಹೇಳಿ ಸುಮ್ಮನಾಗುವುದೂ ಸಲ್ಲದು. ದುಡಿಮೆಯಲ್ಲಿ ದೇವರನ್ನು ಕಾಣುವವನು ದುಡಿಯುವವನಲ್ಲಿಯೂ ದೇವರನ್ನು ಕಾಣಲೇಬೇಕು.

ಹಾಗಾದರೆ ನಾಳೆಯಿಂದ ಏನು ಮಾಡಬಹುದು? ಮೂರು ಸಣ್ಣ ಅಭ್ಯಾಸಗಳು ಸಾಕು. ಮೊದಲನೆಯದು, ದಿನದ ಒಂದು ಕೆಲಸವನ್ನು ಆರಿಸಿಕೊಳ್ಳಿ. ಕಾಫಿ ತೋಟದ ಕಡೆ ನಡೆಯುವುದಿರಲಿ, ಆಟೋ ಚಾಲೂ ಮಾಡುವುದಿರಲಿ, ಆಸ್ಪತ್ರೆಯ ಪಾಳಿ ಹಿಡಿಯುವುದಿರಲಿ, ಕಂಪ್ಯೂಟರ್ ತೆರೆಯುವುದಿರಲಿ, ಆರಂಭಿಸುವ ಮುನ್ನ ಶಿಲುಬೆಯ ಗುರುತು ಮಾಡಿ, ಇದು ನಿಮಗಾಗಿ ಪ್ರಭು ಎನ್ನಿ. ಅದು ಆಗದ ಹಲವರಿಗೆ ಮನಸ್ಸಿನಲ್ಲೇ ಹೇಳಿದರೂ ಸಾಕು. ಎರಡನೆಯದು, ಮರೆತುಹೋದಾಗ ಬೇಸರಿಸಬೇಡಿ. ಮರೆವು ಬಂದಿತೆಂದು ತಿಳಿದ ಕ್ಷಣವೇ ಮರಳುವ ಕ್ಷಣ. ಲಾರೆನ್ಸರಿಗೇ ಹಲವು ವರ್ಷ ಹಿಡಿಯಿತು, ನಮಗೆ ಅವಸರವೇಕೆ? ಮೂರನೆಯದು, ರಾತ್ರಿ ಜಪಸರದ ನಂತರ ಮನೆಯವರೆಲ್ಲ ಒಂದು ಪ್ರಶ್ನೆಗೆ ಉತ್ತರಿಸಿ: ಇಂದು ದೇವರು ನಮ್ಮ ಮನೆಗೆ ಯಾವ ರೂಪದಲ್ಲಿ ಬಂದರು? ಸಾಲ ಕೇಳಲು ಬಂದ ನೆರೆಯವರು, ಜ್ವರ ಬಂದ ಮಗು, ಬಹಳ ದಿನಗಳ ನಂತರ ದುಬೈಯಿಂದ ಫೋನ್ ಮಾಡಿದ ಮಗ, ಹೀಗೆ ಉತ್ತರಗಳು ತಾವಾಗಿಯೇ ಬರುತ್ತವೆ. ಮಕ್ಕಳ ಉತ್ತರಗಳು ಕೆಲವೊಮ್ಮೆ ಗುರುಗಳ ಪ್ರಬೋಧನೆಗಿಂತ ಚೆನ್ನಾಗಿರುತ್ತವೆ.

ನಜರೇತಿನ ಮನೆಯಲ್ಲಿ ಮರಿಯಮ್ಮನವರು ಹಿಟ್ಟು ನಾದಿದರು, ಬಾವಿಯಿಂದ ನೀರು ತಂದರು, ಮಗುವಿನ ಬಟ್ಟೆ ಒಗೆದರು. ದೇವರ ಮಗ ಆ ಮನೆಯಲ್ಲಿ ಕಳೆದ ಸುಮಾರು ಮೂವತ್ತು ವರ್ಷಗಳ ಬಗ್ಗೆ ಶುಭಸಂದೇಶಗಳು ಹೇಳುವುದು ಬಲು ಸ್ವಲ್ಪ. ಹೇಳುವಂಥದ್ದು ಏನೂ ನಡೆಯದ ಆ ದಿನಗಳಲ್ಲಿಯೇ ದೇವರು ನಮ್ಮೊಡನೆ ಇದ್ದರು. ಕಾರ್ಮೆಲ್ ಮಾತೆಯು ನಮ್ಮ ದುಡಿಮೆಯ ದಿನಗಳನ್ನೂ ತಮ್ಮ ಉತ್ತರೀಯದ ನೆರಳಲ್ಲಿ ಕಾಯಲಿ, ನಮ್ಮ ಕಣ್ಣುಗಳನ್ನು ತೆರೆಸಲಿ. ಆಮೆನ್.